ನಾನು ಸರಿ ಅಂದ ಪುಟಗಳು

ಬ್ಯಾಡಗಿಯ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಇಲ್ಲದ ಮೂಲೆ ಇರಲಿಲ್ಲ. ಮಾತು ಮಾತ್ರ ಯಾವ ಮೂಲೆಯಲ್ಲೂ ಇರಲಿಲ್ಲ. ಅವ್ವ ತೀರಿಕೊಂಡ ಮೇಲೆ ಹಾಗಾಯಿತೋ, ಅವಳಿದ್ದಾಗಲೂ ಹಾಗೆಯೇ ಇತ್ತೋ, ಈಗ ಹೇಳಲಾರೆ. ಅಪ್ಪ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ. ತೂಗುವವರು ಮೊದಲ ತೂಕಕ್ಕೆ ಒಂದು ಎನ್ನುವುದಿಲ್ಲ. 'ಲಾಭ' ಎಂದು ಕೂಗಿ, ಆಮೇಲೆ ಎರಡು, ಮೂರು ಎಂದು ಮುಂದೆ ಹೋಗುತ್ತಾರೆ. ಬೆಳಗಿನಿಂದ ಹಾಗೆ ಕೂಗಿ ಕೂಗಿ, ಸಂಜೆ ಮನೆಗೆ ಬರುವಷ್ಟರಲ್ಲಿ ಅವನ ಗಂಟಲು ಒಣಗಿರುತ್ತಿತ್ತು. ಕೈಕಾಲು ತೊಳೆದು ಉಣ್ಣಲು ಕೂತರೆ, ಇನ್ನೊಂದು ರೊಟ್ಟಿ ಬೇಕಾದರೆ ತಾಟಿನ ಅಂಚಿಗೆ ಬೆರಳು ತಾಗಿಸುವನು, ಸಾಕಾದರೆ ಕೈ ಅಡ್ಡ ಹಿಡಿಯುವನು. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅವಳ ಕಿವಿ ಮಂದ. ಎರಡು ಸಲ ಕೂಗಿದರೂ ಕೇಳುತ್ತಿರಲಿಲ್ಲ. ಅವಳ ಬಗ್ಗೆ ಪಿಸುಗುಟ್ಟಿದರೆ ಮಾತ್ರ ಕೇಳುತ್ತಿತ್ತು.

ನಾನು ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಅವ್ವ ಹೋದ ಮರುವಾರ ನನ್ನ ಪಾಟಿಚೀಲವನ್ನು ಆಯಿ ಗೂಟಕ್ಕೆ ಹಾಕಿದಳು. ಅದು ಅಲ್ಲೇ ಉಳಿಯಿತು. ರೊಟ್ಟಿ ಬಡಿಯುವುದು, ನೀರು ತರುವುದು, ಉಳಿದ ಹೊತ್ತಿನಲ್ಲಿ ಅಂಗಡಿಯಿಂದ ಬಂದ ಮೆಣಸಿನಕಾಯಿಯ ತೊಟ್ಟು ಮುರಿಯುವುದು, ಇದು ನನ್ನ ದಿನ. ನಮ್ಮೂರ ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ತೊಟ್ಟು ಮುರಿದು ಮುರಿದು ನನ್ನ ಹೆಬ್ಬೆರಳು, ತೋರುಬೆರಳು ಸದಾ ಕೆಂಪಗಿರುತ್ತಿದ್ದವು. ಆ ಬೆರಳು ಕಣ್ಣಿಗೆ ತಾಗಿಸುವಂತಿಲ್ಲ. ಅಳು ಬಂದರೂ ಮೊಣಕೈಯಿಂದಲೇ ಒರೆಸಿಕೊಳ್ಳಬೇಕು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ನಡುಮನೆಗೆ ಬೆಳಕು ಬರುತ್ತಿದ್ದುದು ಮೇಲಿನ ಬೆಳಕಿಂಡಿಯಿಂದ ಮಾತ್ರ. ಆ ಬೆಳಕಿನ ಚೌಕ ಬೆಳಿಗ್ಗೆ ಗೋಡೆಯಿಂದ ಇಳಿದು, ಮಧ್ಯಾಹ್ನ ಕಾಯಿಯ ರಾಶಿಯ ಮೇಲೆ ನಿಂತು, ಸಂಜೆ ಆಚೆ ಗೋಡೆ ಹತ್ತುತ್ತಿತ್ತು. ನಾನು ಅದರ ಜೊತೆ ಸರಿಯುತ್ತಿದ್ದೆ. ಇಡೀ ದಿನ ನನ್ನ ಜೊತೆ ಸರಿಯುತ್ತಿದ್ದುದು ಅದೊಂದೇ.

ತಮ್ಮ ಬಸು ನನಗಿಂತ ಎರಡು ವರ್ಷ ಸಣ್ಣವನು. ಕನ್ನಡ ಸಾಲೆ ಮುಗಿಸಿ, ಹಾವೇರಿಯ ಇಂಗ್ಲಿಷ್ ಸಾಲೆಗೆ ಸೇರಿದ. ಅಲ್ಲಿ ಬಡ ಹುಡುಗರಿಗೆ ಊಟ, ವಸತಿ ಕೊಡುವ ಒಂದು ಬೋರ್ಡಿಂಗ್ ಇತ್ತು. ಅದರಲ್ಲಿ ಅವನಿಗೊಂದು ಜಾಗ ಸಿಕ್ಕಿತ್ತು. ಅದು ಕಾಯಂ ಅಲ್ಲ. ವರ್ಷದ ಕೊನೆಗೆ ಬೋರ್ಡಿಂಗ್ ನಡೆಸುವ ಪಂಚರ ಮುಂದೆ ನಿಂತು ಬಾಯಿಪಾಠದ ಪರೀಕ್ಷೆ ಕೊಡಬೇಕು, ಗೆದ್ದವರು ಉಳಿಯುತ್ತಾರೆ, ಸೋತವರ ಜಾಗ ಹೊಸಬರಿಗೆ. ಜಾಗ ಹೋದರೆ ಸಾಲೆಯೂ ಹೋದಂತೆ. ಹಾವೇರಿಯಲ್ಲಿ ನಮಗೆ ಬೇರೆ ಯಾರಿದ್ದರು? ಹೀಗೆ ವಾರವೆಲ್ಲ ಅವನು ಅಲ್ಲಿ, ನಾನು ಇಲ್ಲಿ. ಶನಿವಾರ ಮಧ್ಯಾಹ್ನದ ಗಾಡಿಗೆ ಅವನು ಬರುತ್ತಿದ್ದ, ಭಾನುವಾರ ಊಟ ಮಾಡಿ ಹೋಗುತ್ತಿದ್ದ. ಶನಿವಾರ ಬೆಳಕಿನ ಚೌಕ ಆಚೆ ಗೋಡೆಯ ಗೂಟದ ಹತ್ತಿರ ಬಂತೆಂದರೆ ನನ್ನ ಕಿವಿ ಊರಬಾಗಿಲ ಅಗಸಿಯ ಕಡೆ. ಅವನ ಚಪ್ಪಲಿಯ ಸಪ್ಪಳ ನನಗೆ ದೂರದಿಂದಲೇ ತಿಳಿಯುತ್ತಿತ್ತು. ಒಂದರ ಅಂಗುಟ ಸಡಿಲಾಗಿತ್ತು.

ಬರುವಾಗ ಅವನ ಬಗಲಲ್ಲಿ ಒಂದು ನೋಟಬುಕ್ಕು. ಅಂಗಡಿಯಲ್ಲಿ ಉಳಿದ ಹಳೆಯ ಹ್ಯಾಂಡ್‌ಬಿಲ್ಲುಗಳನ್ನು, ಅಚ್ಚಾದ ಮಗ್ಗುಲು ಒಳಗೆ ಹೋಗುವಂತೆ ಮಡಚಿ, ಅಪ್ಪ ದಬ್ಬಣದಿಂದ ಸುತಳಿ ಹಾಕಿ ಹೊಲಿದುಕೊಟ್ಟದ್ದು. ಅದರಲ್ಲಿದ್ದುದು ಇಂಗ್ಲಿಷಿನ ಜೋಡುಮಾತುಗಳು. ಅವರ ಮಾಸ್ತರರು ಪ್ರತಿ ಶುಕ್ರವಾರ ಒಂದು ಪುಟ ಬರೆಸುತ್ತಿದ್ದರು. ಎಡಗಡೆಯ ಹಾಳೆಯಲ್ಲಿ ಇಂಗ್ಲಿಷ್ ಮಾತು, ಬಲಗಡೆಯ ಹಾಳೆಯಲ್ಲಿ ಅದರ ಕನ್ನಡ ಅರ್ಥ. ಒಂದು ಪುಟ ಅಂದರೆ ಒಂದು ಮನೆತನ ಎನ್ನುತ್ತಿದ್ದರಂತೆ ಅವರು. ಗಿವ್ ಎಂಬುವನ ಮನೆತನ, ಪುಟ್ ಎಂಬುವನ ಮನೆತನ, ಲುಕ್ ಎಂಬುವನ ಮನೆತನ. ಯಜಮಾನ ಒಬ್ಬನೇ. ಅವನ ಹಿಂದೆ ನಿಲ್ಲುವ ಸಣ್ಣ ಮಾತು ಬದಲಾದರೆ ಯಜಮಾನನ ನಡೆನುಡಿಯೇ ಬದಲಾಗುತ್ತದೆ. ಲುಕ್ ಅಂದರೆ ನೋಡು. ಅದರ ಹಿಂದೆ ಆಫ್ಟರ್ ಬಂದು ನಿಂತರೆ ಜೋಪಾನ ಮಾಡು, ಫಾರ್ ಬಂದರೆ ಹುಡುಕು. ಇದನ್ನು ಬಸು ಮೊದಲ ಸಲ ಹೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅವನು ಬಂದ ಶನಿವಾರ ನಾನು ಬೇರೆಯವಳು, ಸೋಮವಾರ ಬೇರೆಯವಳು. ಇದು ನನಗೆ ಗೊತ್ತಿದ್ದ ಸಂಗತಿಯೇ.

ಆಯಿಗೆ ಮಾತ್ರ ಇದು ಸೋಜಿಗ.

"ಗಿವ್ ಅಂದ್ರ ಏನೋ?"

"ಕೊಡು ಅಂತ ಆಯಿ."

"ಅಪ್ ಅಂದ್ರ?"

"ಮ್ಯಾಲ."

"ಮ್ಯಾಲ ಕೊಡು. ಅಂದ್ರ ಅಟ್ಟಕ್ಕ ಕೊಡೂದೇನು?"

"ಅಲ್ಲ ಆಯಿ. ಗಿವ್ ಅಪ್ ಅಂದ್ರ ಬಿಟ್ಟಬಿಡೂದು."

"ಏ ಹೋಗೋ! ಕೊಡೂದು ಅಂದ್ರ ಬಿಡೂದು ಹೆಂಗಾಕೈತಿ? ನಿಮ್ಮ ಮಾಸ್ತರ ಹುಡುಗ್ರನ್ನ ಹುಚ್ಚ ಮಾಡ್ಯಾನ."

"ನಾವು 'ಅವ ನನಗ ಕೈ ಕೊಟ್ಟ' ಅಂತೀವಲ್ಲ ಆಯಿ, ಕೈ ಕೊಯ್ದು ಕೊಟ್ಟಿರ್ತಾನೇನು? ಹಂಗ ಇದು."

ಆಯಿ, "ನಿಮ್ಮ ಅಜ್ಜ ನನಗ ಕೈ ಕೊಟ್ಟ ಹೋದನಲ್ಲ, ಹಂಗ," ಎಂದಳು. ಜೋರು ಮಳೆಗೆ ಇಂಗ್ಲಿಷಿನವರು ನಾಯಿ ಬೆಕ್ಕು ಸುರಿದಂತೆ ಅನ್ನುತ್ತಾರೆ ಎಂದು ಬಸು ಹೇಳಿದ ದಿನ, ಹಾಗೆ ಸುರಿದರೆ ಮಾಳಿಗೆಯ ಮೇಲೆ ಒಣಹಾಕಿದ ಕಾಯಿಯ ಗತಿಯೇನು ಎಂದು ಕೇಳಿ, ಮೇಲೆ ಹೋಗಿ ತಾಡಪತ್ರಿ ಹೊದಿಸಿ ಬಾ ಎಂದು ನನ್ನನ್ನು ಎಬ್ಬಿಸಿದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಮನೆಯಲ್ಲಿ ನಗು ಕೇಳಿಸುತ್ತಿದ್ದುದು ವಾರಕ್ಕೆ ಆ ಒಂದು ಹೊತ್ತು.

ಮಾಸ್ತರರದು ಒಂದು ನಿಯಮವಿತ್ತು. ಪುಸ್ತಕ ನೋಡುತ್ತ ಕಲಿತದ್ದು ಕಲಿತದ್ದಲ್ಲ. ಮನೆಯಲ್ಲಿ ಯಾರಾದರೂ ಎಡಗಡೆಯ ಮಾತು ಓದಬೇಕು, ಹುಡುಗ ನೋಡದೆ ಬಲಗಡೆಯದು ಹೇಳಬೇಕು. ಪುಟ ಪೂರ್ತಿ ಬಂದರೆ ಒಪ್ಪಿಸಿಕೊಂಡವರು ಕೆಳಗೆ ಗುರುತು ಹಾಕಬೇಕು. ಆ ಗುರುತು ಇಲ್ಲದ ಪುಟ ಅವರ ಲೆಕ್ಕಕ್ಕಿಲ್ಲ. ಬಸುವಿನ ವರ್ಗದಲ್ಲಿ ನಮ್ಮ ಓಣಿಯವನೇ ಇನ್ನೊಬ್ಬನಿದ್ದ, ಕಚೇರಿಯ ಕಾರಕೂನರ ಮಗ. ಅವನ ತಂದೆಗೆ ಇಂಗ್ಲಿಷ್ ಬರುತ್ತಿತ್ತು. ಮೊದಲ ಶನಿವಾರ ಬಸು ಬಂದವನೇ ಚಹಾ ಕುಡಿದು, ನೋಟಬುಕ್ಕು ಎತ್ತಿಕೊಂಡ.

"ಎಲ್ಲಿ ಹೊಂಟಿ?"

"ಕಾರಕೂನರ ಮನಿಗೆ ಅಕ್ಕಾ. ಅವರ ಕಡೆ ಒಪ್ಪಿಸಿ, ಗುರುತ ಹಾಕಿಸ್ಕೊಂಡ ಬರ್ತೀನಿ. ಊಟದ ಹೊತ್ತಿಗೆ ಬರ್ತೀನಲ್ಲ."

ಊಟದ ಹೊತ್ತಿಗೆ ಅಂದರೆ ಶನಿವಾರ ಮುಗಿದಂತೆ. ವಾರವಿಡೀ ಕಾದಿದ್ದ ಸಂಜೆ ಆ ಕಾರಕೂನರ ಪಡಸಾಲೆಗೆ ಹೋಗುತ್ತದೆ. ನಾನು ಏನು ಹೇಳುತ್ತಿದ್ದೇನೆಂದು ಯೋಚಿಸದೆ, "ಯಾಕ, ನನಗ ಬರೂದಿಲ್ಲೇನು?" ಎಂದೆ.

ಅವನು ನಕ್ಕ. ನಾನು ಎದ್ದು, ಮೂಲೆಯಲ್ಲಿದ್ದ ಚೀಲದ ಮೇಲೆ ಮಸಿಯಲ್ಲಿ ಒತ್ತಿದ್ದ ದೊಡ್ಡ ಅಕ್ಷರಗಳ ಮೇಲೆ ಕೆಂಪು ಬೆರಳಿಟ್ಟು ಓದಿದೆ: ಬಿ, ವೈ, ಎ, ಡಿ, ಜಿ, ಐ. ವರ್ಷಗಟ್ಟಲೆ ಆ ಚೀಲಗಳ ನಡುವೆ ಕೂತವಳು ನಾನು. ಯಾವ ಗೆರೆಗೆ ಏನೆನ್ನುತ್ತಾರೆಂದು ಹಮಾಲರನ್ನು ಕೇಳಿ ಕೇಳಿ ಕಲಿತಿದ್ದೆ. ಬಸುವಿನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಆಯಿ! ಅಕ್ಕಗ ಇಂಗ್ಲಿಷ್ ಬರ್ತೈತಿ!"

ಚೀಲದ ಅಕ್ಷರ ಬೇರೆ, ನೋಟಬುಕ್ಕಿನ ಅಕ್ಷರ ಬೇರೆ ಎಂದು ನಾನು ಆಗಲೇ ಹೇಳಬೇಕಿತ್ತು. ಬಸು ಬರೆಯುತ್ತಿದ್ದುದು ಒಂದಕ್ಕೊಂದು ಕೂಡಿಸಿದ ಕೈಬರಹ. ನನ್ನ ಕಣ್ಣಿಗೆ ಅದು ಇರುವೆ ಸಾಲು ಹರಿದಂತೆ ಕಾಣುತ್ತಿತ್ತು. ಅದರಲ್ಲಿ ಒಂದು ಅಕ್ಷರವೂ ನನಗೆ ಗುರುತು ಸಿಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಅವನು ನೋಟಬುಕ್ಕನ್ನು ಕಾಳು ಅಳೆಯುವ ಸೇರಿಗೆ ಒರಗಿಸಿ ನನ್ನ ಮುಂದೆ ಇಟ್ಟು, ತಾನು ಎದುರಿಗೆ, ಕಾಯಿಯ ರಾಶಿಯ ಆಚೆ ಕೂತ. ನನ್ನ ಕೈ ಖಾಲಿ ಇರುವಂತಿಲ್ಲ, ತೊಟ್ಟು ಮುರಿಯುತ್ತಲೇ ಇರಬೇಕು, ಅದಕ್ಕೆ ಆ ವ್ಯವಸ್ಥೆ. ಪುಟ ನನ್ನ ಕಡೆ, ಅದರ ಬೆನ್ನು ಅವನ ಕಡೆ. "ಮೊದಲ ಒಂದ ಸಲ ನೀನ ಎಲ್ಲಾ ಓದಿ ಹೇಳು, ನನಗ ನಿಮ್ಮ ಮಾಸ್ತರರ ಉಚ್ಚಾರ ಗೊತ್ತಾಗಲಿ," ಎಂದೆ. ಅವನು ಓದಿದ. ನಾನು ಕಿವಿಯಲ್ಲಿ ಹಿಡಿದೆ. ಸಾಲೆ ಬಿಡಿಸಿದರೂ ನನ್ನ ಕಿವಿ ಚುರುಕಾಗಿಯೇ ಇತ್ತು. ಹತ್ತು ಮಾತು ಅವೇ ಕ್ರಮದಲ್ಲಿ ತಿರುಗಿ ಹೇಳುವುದು ದೊಡ್ಡದಾಗಿರಲಿಲ್ಲ. ನಾನು ಮೇಲಿನಿಂದ ಒಂದೊಂದೇ ಹೇಳುತ್ತ ಹೋದೆ, ಅವನು ಅರ್ಥ ಹೇಳುತ್ತ ಹೋದ, ನಾನು ಬಲಗಡೆಯ ಕನ್ನಡದ ಸಾಲು ನೋಡಿ ಸರಿ, ಸರಿ ಎನ್ನುತ್ತ ಹೋದೆ. ಮುಗಿದ ಮೇಲೆ ಗುರುತು ಹಾಕಬೇಕಲ್ಲ. ಪುಟದ ಕೆಳಗೆ ಹೆಬ್ಬೆರಳು ಒತ್ತಿದೆ. ಕೆಂಪಗೆ ಮೂಡಿತು.

ಮುಂದಿನ ಶನಿವಾರ ಬಂದಾಗ ಹೇಳಿದ:

"ಮಾಸ್ತರ್ರು ಕೇಳಿದ್ರು ಅಕ್ಕಾ, ಈ ಕೆಂಪ ಹೆಬ್ಬೆಟ್ಟ ಯಾರದೋ ಅಂತ. ನಮ್ಮ ಅಕ್ಕಂದ್ರಿ ಅಂದೆ. 'ನಿಮ್ಮನ್ಯಾಗ ಹೆಣ್ಣಮಕ್ಕಳಿಗೂ ಇಂಗ್ಲಿಷ್ ಬರ್ತೈತೇನು? ಶಾಭಾಸ್!' ಅಂದ್ರು. ಎಲ್ಲಾ ಹುಡುಗ್ರ ಮುಂದ."

ಆ ಶಾಭಾಸ್ ಅನ್ನು ನಾನು ವಾರವಿಡೀ ಕಾಯಿಯ ಜೊತೆ ಮುರಿದು ಮುರಿದು ತಿಂದೆ. ಇನ್ನು ಹಿಂದೆ ಸರಿಯುವ ದಾರಿ ಉಳಿಯಲಿಲ್ಲ, ಅಥವಾ ಉಳಿದಿಲ್ಲ ಎಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಕಾರಕೂನರ ಮನೆಯ ಸುದ್ದಿ ಮತ್ತೆ ಬರಲಿಲ್ಲ. ಮಳೆಗಾಲ, ದೀಪಾವಳಿ, ಹೊಸ ಕಾಯಿಯ ಸುಗ್ಗಿ, ಎಲ್ಲ ಶನಿವಾರಗಳೂ ನನ್ನವಾದವು. ಅವನು ಬರುವ ದಿನಕ್ಕೆಂದು ಶೇಂಗಾದ ಚಟ್ನಿಹಿಂಡಿ ಕುಟ್ಟುತ್ತಿದ್ದೆ, ಪುಂಡಿಪಲ್ಯ ಮಾಡುತ್ತಿದ್ದೆ. ಅವನು ರೊಟ್ಟಿ ತಿನ್ನುತ್ತ, "ಬೋರ್ಡಿಂಗನ್ಯಾಗ ಸಾರು ಕುಡದ್ರ ನೀರ ಕುಡದಂಗ ಆಕೈತಿ. ಅಲ್ಲಿ ನಾವು ಪುಟ್ ಅಪ್ ವಿತ್ ಮಾಡ್ತೀವಿ," ಎನ್ನುತ್ತಿದ್ದ. ಸಹಿಸಿಕೊಳ್ಳುತ್ತೇವೆ ಎಂದು ಅರ್ಥ. ಆಗ ಅವನಿಗೆ ಅದು ಸರಿಯಾಗಿಯೇ ಬರುತ್ತಿತ್ತು. ಇದನ್ನು ನಾನು ಮರೆತಿಲ್ಲ.

ಚಳಿ ಮುಗಿದು ಪರೀಕ್ಷೆ ಹತ್ತಿರ ಬಂದಾಗ ತೊಂದರೆ ಶುರುವಾಯಿತು. ಪಂಚರು ಎಲ್ಲಿಂದ ಬೇಕಾದರೂ ಕೇಳುತ್ತಾರೆ, ಅದಕ್ಕೆ ಹಳೆಯ ಪುಟಗಳನ್ನೆಲ್ಲ ಹಿಂದುಮುಂದಾಗಿ ಕೇಳು ಎಂದ ಬಸು. ಪುಟಗಳು ಮೂವತ್ತರ ಮೇಲಾಗಿದ್ದವು. ವಾರಕ್ಕೆ ಹತ್ತು ಮಾತು ಕ್ರಮದಲ್ಲಿ ನೆನಪಿಡುವುದು ಬೇರೆ. ಹಳೆಯ ಪುಟ ತೆರೆದರೆ ಯಾವ ಗೆರೆಯಲ್ಲಿ ಯಾವ ಮಾತಿದೆ ಎಂದು ನನಗೆ ಹೇಗೆ ತಿಳಿಯಬೇಕು? ಪುಟ ಯಾವ ಮನೆತನದ್ದು ಎಂಬುದಷ್ಟೇ ಬಲಗಡೆಯ ಕನ್ನಡ ನೋಡಿ ಗೊತ್ತಾಗುತ್ತಿತ್ತು. ಕೇಳಿದ ಮಾತುಗಳೆಲ್ಲ ಕಿವಿಯಲ್ಲಿದ್ದವು. ಹಾಗಾಗಿ ಆ ಮನೆತನದ ಯಾವುದೋ ಒಂದನ್ನು ಹೇಳಿ, ಅವನು ಕೊಟ್ಟ ಅರ್ಥ ಬಲಗಡೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಇದ್ದರೆ ಸರಿ. ಅಣ್ಣನ ಹೆಸರು ಕೇಳಿದರೆ ತಮ್ಮನ ಹೆಸರು ಹೇಳಿದರೂ, ಒಂದೇ ಮನೆಯವರಾದರೆ ಸಾಕು, ನನ್ನ ಹತ್ತಿರ ಸರಿ.

ಒಂದು ಶನಿವಾರ ಗಿವ್ ಮನೆತನದ ಪುಟ. ಗಿವ್ ಇನ್ ಎಂದೆ. ಅವನು ಸ್ವಲ್ಪ ತಡೆದು, "ಹಂಚು," ಎಂದ. ಬಲಗಡೆ ನೋಡಿದೆ, ಹಂಚು ಎಂದು ಇತ್ತು. ಸರಿ ಎಂದೆ. ಮುಂದೆ ಗಿವ್ ಔಟ್ ಎಂದೆ. ಅವನು ಮತ್ತೆ "ಹಂಚು," ಎಂದು ಹೇಳಿ, ನನ್ನ ಮುಖ ನೋಡಿದ.

"ಎರಡಕ್ಕೂ ಅದ ಆಕೈತೇನು ಅಕ್ಕಾ?"

ತೊಟ್ಟು ಮುರಿಯುವ ನನ್ನ ಕೈ ನಿಂತಿತು. ಅವನು ಎದ್ದು ಈಚೆ ಬಂದು ತಾನೇ ನೋಡಿಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ನಾನು ಕಣ್ಣು ಪುಟದಿಂದ ತೆಗೆಯದೆ ಹೇಳಿದೆ:

"ಬರ್ದದ್ದು ಹಂಗ ಐತಿ. ಮುಂದಿಂದು ಹೇಳು."

ಅವನು ಮುಂದಿನದು ಹೇಳಿದ. ನಾನು ಹೆಬ್ಬೆರಳು ಒತ್ತಿದೆ.

ಇನ್ನೊಮ್ಮೆ ಅವನು ಸಪ್ಪೆ ಮುಖ ಮಾಡಿಕೊಂಡು ಬಂದ. ಸೋಮವಾರ ಮಾಸ್ತರರು ಎಬ್ಬಿಸಿ ಕೇಳಿದಾಗ ಎರಡು ತಪ್ಪಾಗಿದ್ದವಂತೆ. ಬೆಂಚಿನ ಮೇಲೆ ನಿಲ್ಲಿಸಿದರಂತೆ.

"ನಿನ್ನ ಮುಂದ ಬರೋಬ್ಬರಿ ಹೇಳಿದ್ದೆ, ಹೌದಲ್ಲ ಅಕ್ಕಾ?"

"ಹೇಳಿದ್ದಿ."

"ಮತ್ತ ಅಲ್ಲಿ ಯಾಕ ತಪ್ಪತೈತಿ?"

"ಮಂದಿ ನೋಡಿ ಅಂಜತೀ. ಅಂಜಬ್ಯಾಡ ತಮ್ಮಾ."

ಇಷ್ಟು ಸಣ್ಣ ಮಾತು. ಆ ಹೊತ್ತಿಗೆ ನನ್ನ ಮಾನ ಉಳಿಯಿತು, ಅಷ್ಟೇ ನನಗೆ ಬೇಕಿದ್ದುದು. ಅವನು ತಲೆ ತಗ್ಗಿಸಿ, ಕಾಯಿಯೊಂದನ್ನು ಎತ್ತಿಕೊಂಡು ತೊಟ್ಟು ಮುರಿದು ನನ್ನ ರಾಶಿಗೆ ಹಾಕಿದ. "ಅಂಜತೀನಿ," ಎಂದು ತನಗೆ ತಾನೇ ಹೇಳಿಕೊಂಡ. ಅವನು ಅಂಜುವ ಹುಡುಗನಾಗಿರಲಿಲ್ಲ. ಅಗಸಿಯ ಬಾವಿಗೆ ಎಲ್ಲರಿಗಿಂತ ಮೊದಲು ಹಾರುತ್ತಿದ್ದವನು ಅವನು.

ಪರೀಕ್ಷೆಯಾದ ಶನಿವಾರ ಅವನು ಮಧ್ಯಾಹ್ನದ ಗಾಡಿಗೆ ಬರಲಿಲ್ಲ. ಸಂಜೆ, ಬೆಳಕಿಂಡಿಯಲ್ಲಿ ಬೆಳಕು ಮಾಸುವಾಗ ಬಂದ, ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ಟ್ರಂಕು. ಅವುಗಳನ್ನು ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಅಪ್ಪ ಉಣ್ಣಲು ಕೂತಿದ್ದ. ಬಸು ಗೋಡೆಗೆ ಒರಗಿ ನಿಂತುಕೊಂಡೇ ಹೇಳಿದ. ಪಂಚರು ಐದು ಮಂದಿ, ಖುರ್ಚಿಯ ಮೇಲೆ. ಮಾಸ್ತರರು ಪಕ್ಕದಲ್ಲಿ. ಕೇಳಿದ್ದು ನಾಲ್ಕೇ ಮಾತು. ಗಿವ್ ಇನ್ ಅಂದರೆ ಸೋಲೊಪ್ಪು ಎನ್ನಬೇಕಾದಲ್ಲಿ ಹಂಚು ಎಂದ. ಪುಟ್ ಅಪ್ ವಿತ್ ಅಂದರೆ ಉಳಿಸಿಡು ಎಂದ. ಇದೂ ನಾನು ಸರಿ ಅಂದಿದ್ದ ಪುಟವೇ. ಕೆಲವು ತಿಂಗಳ ಹಿಂದೆ ಸರಿಯಾಗಿ ಬರುತ್ತಿದ್ದುದು, ನನ್ನ ಸರಿಗಳ ನಡುವೆ ತಪ್ಪಿಹೋಗಿತ್ತು.

"ಒಬ್ಬ ಪಂಚರು ನಕ್ಕರು ಅಪ್ಪಾ. 'ಏನ ಉಳಿಸಿಡ್ತೀಯೋ ತಮ್ಮಾ, ಬೋರ್ಡಿಂಗಿನ ರೊಟ್ಟಿಯೇನು?' ಅಂದ್ರು. ಎಲ್ಲಾರೂ ನಕ್ಕರು. ಆಮ್ಯಾಲೆ ಬರೂದೂ ಬರಲಿಲ್ಲ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತಿದ್ದ. ಬಸು ನನ್ನ ಕಡೆ ತಿರುಗಿದ.

"ಗಾಡ್ಯಾಗ ಬರೋವಾಗ ಪುಸ್ತಕ ತಗದ ನೋಡಿದೆ ಅಕ್ಕಾ. ಪುಸ್ತಕದಾಗ ಸರಿಯಾಗೇ ಬರ್ದೇನಿ. ನಿನ್ನ ಮುಂದನೂ ಸರಿಯಾಗೇ ಹೇಳೇನಿ, ನಿನ್ನ ಹೆಬ್ಬೆಟ್ಟೈತಿ. ಮನ್ಯಾಗ ಬರ್ತೈತಿ, ಮಂದಿ ಮುಂದ ಬರೂದಿಲ್ಲ. ನನ್ನ ಎದಿನ ಸಣ್ಣದು."

ನನ್ನ ಮೇಲೆ ಅವನಿಗೆ ಸಂಶಯವೇ ಬರಲಿಲ್ಲ. ಎರಡಕ್ಕೂ ಹಂಚು ಎಂದೇ ಬರೆದಿದೆ ಎಂದ ನನ್ನ ಮಾತನ್ನೂ ತಾನೇ ತಪ್ಪು ಕೇಳಿಸಿಕೊಂಡೆ ಎಂದುಕೊಂಡಿರಬೇಕು. ಬಂದಿದ್ದರೆ ಒಳ್ಳೆಯದಾಗುತ್ತಿತ್ತು. ನನ್ನ ಕೆಂಪು ಗುರುತುಗಳನ್ನು ಅವನು ಮಾಸ್ತರರಿಗಿಂತ ಹೆಚ್ಚು ನಂಬಿದ್ದ.

ಆಮೇಲಿನ ಬೇಸಿಗೆಯ ವಾರಗಳ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ನನಗೆ ಅವು ಸುಖದ ದಿನಗಳು. ಬಸು ಮನೆಯಲ್ಲೇ ಇದ್ದ. ದಿನಾ ಶನಿವಾರ. ಕಾಯಿಯ ರಾಶಿಯ ಆಚೆ ಅವನು, ಈಚೆ ನಾನು. ನೀರಿಗೆ ಹೋದರೆ ಜೊತೆಗೆ ಬರುತ್ತಿದ್ದ, ನಾನು ಒಲೆಯ ಮುಂದೆ ಕೂತರೆ ಹೊಸ್ತಿಲ ಮೇಲೆ ಕೂರುತ್ತಿದ್ದ. ಇಂಗ್ಲಿಷ್ ಮಾತ್ರ ಎತ್ತುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಆಯಿ ಒಂದು ಸಲ ತಾನಾಗಿಯೇ, "ಏನೋ ಅದು, ಮ್ಯಾಲ ಕೊಡೂದು ಅಂದ್ರ ಬಿಡೂದು, ಇನ್ನೊಮ್ಮೆ ಹೇಳೋ," ಎಂದು ಕೆಣಕಿದಳು. ಅವನು ಕೇಳದವನಂತೆ ಎದ್ದು ಹಿತ್ತಲಿಗೆ ಹೋದ. ನಾನು ಅದನ್ನೆಲ್ಲ ಕಂಡೆ. ಕಂಡೂ, ಇವನು ಇನ್ನು ಇಲ್ಲೇ ಇರುತ್ತಾನೆ, ಯಾವುದಾದರೂ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಸಂಜೆ ಮನೆಗೆ ಬರುತ್ತಾನೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ಮೊದಲ ಮಳೆ ಬಿದ್ದ ವಾರ ಮಾಸ್ತರರ ಕಾರ್ಡು ಬಂತು. ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ. ಅಪ್ಪನಿಗೆ ನಾನೇ ಓದಿ ಹೇಳಿದೆ. ಅಂಥ ಕೆಲಸಕ್ಕೆ ನನ್ನ ನಾಲ್ಕು ಇಯತ್ತೆ ಸಾಕಾಗಿತ್ತು. ಹುಡುಗ ಜಾಣ, ಅಂದು ಏನಾಯಿತೋ ತಿಳಿಯದು, ಒಂದು ಜಾಗ ಖಾಲಿಯಾಗಿದೆ, ಬರುವ ಸೋಮವಾರದೊಳಗೆ ಕಳಿಸಿದರೆ ಪಂಚರಿಗೆ ಹೇಳಿ ಇನ್ನೊಮ್ಮೆ ಕೇಳಿಸುತ್ತೇನೆ, ಅವನಿಗೆ ಧೈರ್ಯ ಹೇಳಿ ಕಳಿಸಿರಿ ಎಂದು ಬರೆದಿದ್ದರು. ಅಪ್ಪ ಬಸುವನ್ನು ಕೇಳಿದ:

"ಏನಂತಿಯೋ?"

"ಅಲ್ಲಿ ಹೋಗಿ ಮತ್ತ ಹಂಗ ಆದ್ರ?"

"ನಿನಗ ಹೋಗೂದು ಐತೋ ಇಲ್ಲೋ?"

ಬಸು ನನ್ನತ್ತ ನೋಡಿದ. "ಅಕ್ಕ ಹೇಳಲಿ," ಎಂದ.

ಅಪ್ಪನೂ ನನ್ನತ್ತ ತಿರುಗಿದ. ಅಪ್ಪ ನನ್ನನ್ನು ಒಂದು ವಿಷಯದಲ್ಲಿ ಅಭಿಪ್ರಾಯ ಕೇಳಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

"ನೀಲವ್ವಾ, ಒಪ್ಪಿಸ್ಕೊಂಡಾಕಿ ನೀನು. ಖರೇ ಹೇಳು. ಹುಡುಗಗ ಬರ್ತಿತ್ತೋ ಇಲ್ಲೋ?"

ಗೋಡೆಯ ಗೂಡಿನಲ್ಲಿ ದೀಪ ಆಗಷ್ಟೇ ಹಚ್ಚಿದ್ದೆ. ಆಯಿ ಕಂಬದ ಹತ್ತಿರ ಜಪಸರ ಎಣಿಸುತ್ತಿದ್ದಳು. ಎರಡೇ ಮಾತು ಸಾಕಾಗಿತ್ತು: ಅಪ್ಪಾ, ನನಗೆ ಓದಲು ಬರುವುದಿಲ್ಲ, ತಪ್ಪು ನನ್ನದು. ಅಷ್ಟು ಹೇಳಿದ್ದರೆ ಬಸು ಸಿಟ್ಟಿನಿಂದ ನನ್ನನ್ನು ಬೈಯುತ್ತಿದ್ದ, ಎರಡು ದಿನ ಮಾತು ಬಿಡುತ್ತಿದ್ದ, ಆಮೇಲೆ ನೋಟಬುಕ್ಕು ಎತ್ತಿಕೊಂಡು ಹಾವೇರಿಗೆ ಹೋಗುತ್ತಿದ್ದ. ಎದೆ ತನ್ನದು ಸಣ್ಣದಲ್ಲ ಎಂದು ಅವನಿಗೆ ಗೊತ್ತಾಗುತ್ತಿತ್ತು. ನನ್ನ ಶಾಭಾಸ್ ಹೋಗುತ್ತಿತ್ತು. ಶನಿವಾರಗಳು ಕಾರಕೂನರ ಮನೆಗೆ ಹೋಗುತ್ತಿದ್ದವು. ಅಷ್ಟೇ.

"ನನ್ನ ಮುಂದ ಎಲ್ಲಾ ಬರ್ತಿತ್ತಪ್ಪಾ," ಎಂದೆ.

ಅಪ್ಪ ತಲೆ ಆಡಿಸಿದ. "ಹಂಗಾರ ಬಿಡು. ಬರೂದಿಲ್ಲ ಅಂದ್ರ ಕಲೀಬಹುದಿತ್ತು. ಬಂದೂ ಬಾಯಿ ಬಿಡೂದಿಲ್ಲ ಅಂದ್ರ ಏನ ಮಾಡೂದು? ಇವ ಮಂದಿ ಮುಂದ ನಿಲ್ಲೂ ಹುಡುಗ ಅಲ್ಲ."

ಅರ್ಧ ಉಂಡಿದ್ದ ಬಸು ತಾಟಿನಲ್ಲಿ ಕೈ ತೊಳೆದುಕೊಂಡ.

ಅವನು ಬ್ಯಾಡಗಿಯಲ್ಲಿ ಉಳಿಯಲಿಲ್ಲ. ರಾಣೆಬೆನ್ನೂರಿನಲ್ಲಿ ನಮ್ಮ ಸೋದರಮಾವನದು ಅರಳೆ ಜಿನ್ನಿನ ಕಾರ್ಖಾನೆಯ ಹತ್ತಿರ ಒಂದು ಗೋದಾಮು ಇತ್ತು. ಅರಳೆಯ ಗಂಟುಗಳನ್ನು ನೋಡಿಕೊಳ್ಳುವ ಕೆಲಸ, ಯಾರ ಜೊತೆಗೂ ಮಾತಾಡುವ ಹಂಗಿಲ್ಲ ಎಂದು ಮಾವ ಹೇಳಿಕಳಿಸಿದ. ಅದೇ ಇವನಿಗೆ ಸರಿ ಎಂದ ಅಪ್ಪ. ಹೊರಡುವ ದಿನ ರೊಟ್ಟಿ, ಹಿಂಡಿ ಕಟ್ಟಿಕೊಟ್ಟೆ. ಬಸು ಟ್ರಂಕು ಮುಚ್ಚುವ ಮುಂಚೆ ನೋಟಬುಕ್ಕು ತೆಗೆದು ನನ್ನ ಮುಂದೆ ಹಿಡಿದ.

"ನನಗಿದು ಯಾಕ ಬೇಕು ಅಕ್ಕಾ? ನಿನಗ ಓದಾಕ ಬರ್ತೈತಿ. ನೀನ ಇಟ್ಕೋ."

ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಸಡಿಲು ಅಂಗುಟದ ಚಪ್ಪಲಿಯ ಸಪ್ಪಳ ಅಗಸಿ ದಾಟುವವರೆಗೂ ಕೇಳಿಸಿತು. ಗೋದಾಮಿಗೆ ಶನಿವಾರದ ಬಿಡುವಿರಲಿಲ್ಲ. ಹಬ್ಬಕ್ಕೆ ಬಂದರೆ ಬಂದ, ಇಲ್ಲವಾದರೆ ಇಲ್ಲ. ಅವನನ್ನು ಹತ್ತಿರ ಇಟ್ಟುಕೊಳ್ಳಲು ಹೇಳಿದ ಸುಳ್ಳು ಅವನನ್ನು ಹಾವೇರಿಗಿಂತ ದೂರ ಒಯ್ದಿತು. ಬೆಳಕಿನ ಚೌಕದ ಜೊತೆ ನಾನು ಮೊದಲಿನಂತೆ ಸರಿಯತೊಡಗಿದೆ. ಶನಿವಾರ ಅದು ಗೂಟದ ಹತ್ತಿರ ಬಂದಾಗ ನನ್ನ ಕಿವಿ ರೂಢಿಯಂತೆ ಅಗಸಿಯ ಕಡೆ ಹೋಗುತ್ತಿತ್ತು. ಆಯಿ ಒಂದು ದಿನ ಎಂದಳು:

"ಯಾರ ದಾರಿ ಕಾಯಾಕತ್ತೀ? ಅವ ಬರೂದಿಲ್ಲ ನೀಲವ್ವಾ."

ಮಂದ ಕಿವಿಯ ಅವಳಿಗೆ ನನ್ನ ಕಾಯುವಿಕೆ ಹೇಗೆ ಕೇಳಿಸಿತೋ. ಅವಳಿಗೆ ಎಲ್ಲವೂ ಗೊತ್ತಿತ್ತೇ ಎಂದು ಆಮೇಲೆ ಬಹಳ ಸಲ ಅನ್ನಿಸಿದೆ. ಕೇಳುವ ಧೈರ್ಯ ಆಗಲಿಲ್ಲ. ನಿಜವಾಗಿ ಸಣ್ಣ ಎದೆ ಯಾರದು ಎಂದು ಆ ಮನೆಯಲ್ಲಿ ನನಗೊಬ್ಬಳಿಗೆ ತಿಳಿದಿತ್ತು.

ಎರಡು ವರ್ಷದ ಮೇಲೆ ನನ್ನನ್ನು ಕರ್ಜಗಿಗೆ ಕೊಟ್ಟರು. ನೋಟಬುಕ್ಕು ನನ್ನ ಸೀರೆಗಳ ಅಡಿಯಲ್ಲಿ ಬಂತು. ನನ್ನ ಮಗಳು ಇಂಗ್ಲಿಷ್ ಕಲಿಯುವ ವಯಸ್ಸಿಗೆ ಬಂದಾಗ, ಅವಳ ಜೊತೆ ಕೂತು, ಅವಳಿಗೆ ಕಲಿಸುವ ನೆಪದಲ್ಲಿ ನಾನು ಇಂಗ್ಲಿಷಿನ ಕೂಡಿಸಿ ಬರೆಯುವ ಅಕ್ಷರ ಕಲಿತೆ. ಮೊದಲು ಓದಿದ್ದು ಆ ನೋಟಬುಕ್ಕನ್ನೇ. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಎಡಗಡೆ ಒಂದು, ಬಲಗಡೆ ಒಂದು ಬೆರಳಿಟ್ಟು ಗೆರೆ ಗೆರೆ ಓದಿದೆ. ಬಸು ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದ. ಪ್ರತಿ ಪುಟದ ಕೆಳಗೆ ನನ್ನ ಹೆಬ್ಬೆಟ್ಟು, ಕೆಂಪು ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಕ್ಷರ ಬಾರದವರ ಗುರುತು ಅದು. ಮಾಸ್ತರರೂ ಬಸುವೂ ಅದನ್ನೇ ಎದುರಿಗೆ ಇಟ್ಟುಕೊಂಡು ನನ್ನನ್ನು ಓದಿದವಳೆಂದು ನಂಬಿದ್ದರು.

ಬಸುವಿನ ಬಾಳು ಕೆಟ್ಟಿತು ಎಂದು ಹೇಳಲಾರೆ. ಗೋದಾಮಿನಲ್ಲಿ ಪ್ರಾಮಾಣಿಕನೆಂದು ಹೆಸರು ಪಡೆದ, ಮದುವೆಯಾದ, ರಾಣೆಬೆನ್ನೂರಿನಲ್ಲೇ ಮನೆ ಮಾಡಿದ. ಆದರೆ ನಾಲ್ಕು ಜನ ಕೂತ ಕಡೆ ಅವನು ಬಾಯಿ ಬಿಟ್ಟದ್ದನ್ನು ನಾನು ಕಾಣಲಿಲ್ಲ. ನನ್ನ ಮಗಳ ಮದುವೆಯಲ್ಲಿ ಬೀಗರು, ಹುಡುಗಿಯ ಸೋದರಮಾವ ಎರಡು ಮಾತು ಹೇಳಲಿ ಎಂದಾಗ, ಅವನು ಎದ್ದು ಅಡಿಗೆಯವರ ಕಡೆ ಹೋಗಿಬಿಟ್ಟ. ನಾನು ಹುಡುಕಿಕೊಂಡು ಹೋದೆ. ಸೌತೆಕಾಯಿ ಹೆಚ್ಚುತ್ತ ಕೂತಿದ್ದ. ಪಕ್ಕದವರಿಗೆ ನಗುತ್ತಲೇ ಹೇಳಿದ:

"ಮೊದಲಿಂದ ನನ್ನ ಎದಿ ಸಣ್ಣದು ನೋಡ್ರಿ. ಬೇಕಾದ್ರ ಅಕ್ಕನ್ನ ಕೇಳ್ರಿ, ಆಕಿಗೆ ಗೊತ್ತೈತಿ."

ಅವರು ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಪಂಕ್ತಿಯ ಕಡೆ ನಡೆದೆ.

ಈಗ ಅವನ ಕಣ್ಣಿಗೆ ಪೊರೆ ಬಂದಿದೆ. ಪತ್ರ, ಪುಸ್ತಕ ಏನೇ ಬಂದರೂ ಮೊಮ್ಮಗಳು ಓದಿ ಹೇಳುತ್ತಾಳೆ. ನಾನು ಬರೆಯುತ್ತಿರುವ ನೆನಪುಗಳ ಈ ಅಧ್ಯಾಯವನ್ನು ಮೊದಲು ಅವನಿಗೇ ಕಳಿಸುತ್ತಿದ್ದೇನೆ, ಜೊತೆಗೆ ಆ ನೋಟಬುಕ್ಕನ್ನೂ. ಮಗೂ, ನಿಮ್ಮಜ್ಜನಿಗೆ ನಿಧಾನವಾಗಿ ಓದು, ಗೆರೆ ಬಿಡಬೇಡ. ಓದಲು ಬಾರದ ಅಕ್ಷರ ಬಂದರೆ ಬಾರದು ಎಂದೇ ಹೇಳು.

ಬಸು, ಪೂರ್ತಿ ಕೇಳು. ನಿನ್ನ ಎದೆ ಸಣ್ಣದಾಗಿರಲಿಲ್ಲ. ನಾನು ತಪ್ಪಾಗಿ ಕಲಿಸಿದ್ದನ್ನೇ ಅಂದು ನೀನು ಪಂಚರ ಮುಂದೆ ಅಂಜದೆ, ಹಾಗೆಯೇ ಹೇಳಿದೆ. ಕೇಳಿ ಮುಗಿದ ಮೇಲೆ ನಿನ್ನ ಮನಸ್ಸಿಗೆ ಬಂದದ್ದನ್ನು ಬರೆಸಿ ಕಳಿಸು. ಎಷ್ಟು ಬಿರುಸಿದ್ದರೂ ಇರಲಿ. ಅಕ್ಕನಿಗೆ ನೋವಾದೀತೆಂದು, ತಪ್ಪಿದ್ದ ಕಡೆ ಸರಿ ಅನ್ನಬೇಡ.